ಕೀರ್ತಿಭವನದ ಸಮಿತಿಗೆ ಕೆಲವು ವಿನಮ್ರ ಸಲಹೆಗಳು

ಕರ್ನಾಟಕದ ಟೆನಿಸ್ ಕೀರ್ತಿಭವನವನ್ನು ಮುಂದೆಂದೋ ಕಟ್ಟಲಿರುವ ಸಮಿತಿಯ ಮಾನ್ಯ ಅಧ್ಯಕ್ಷರಿಗೆ, ಉಪಾಧ್ಯಕ್ಷರುಗಳಿಗೆ, ಗೌರವ ಕಾರ್ಯದರ್ಶಿಗಳಿಗೆ ಮತ್ತು, ಕುರ್ಚಿ ಉಳಿದಿದ್ದರೆ, ಆಟಗಾರರಿಗೆ,



ಹುಟ್ಟದ ಸಮಿತಿಗೆ ಪತ್ರವೇ ಎಂದು ನಗಬೇಡಿ. ಹುಟ್ಟಿದ ಮೇಲೆ ಯಾವ ಸಮಿತಿಯೂ ಹೊರಗಿನವರ ಮಾತು ಕೇಳಿದ್ದಿಲ್ಲ. ಅದಕ್ಕೇ ಈಗಲೇ ಬರೆದು ಮುಗಿಸುತ್ತಿದ್ದೇನೆ.

ಅಮೆರಿಕದ ನ್ಯೂಪೋರ್ಟ್ ಊರಿನಲ್ಲಿ, 1880ರಲ್ಲಿ ಕಟ್ಟಿದ ಕ್ಯಾಸಿನೊ ಆವರಣದಲ್ಲಿ ಅಂತರರಾಷ್ಟ್ರೀಯ ಟೆನಿಸ್ ಕೀರ್ತಿಭವನವಿದೆ. ಜೇಮ್ಸ್ ವ್ಯಾನ್ ಅಲೆನ್ ಅದನ್ನು ಶುರು ಮಾಡಿದ್ದು 1954ರಲ್ಲಿ. ಏಷ್ಯಾದ ಗಂಡಸರಿಗೆ ಅದರ ಬಾಗಿಲು ತೆರೆದದ್ದು 2024ರ ಜುಲೈನಲ್ಲಿ, ಲಿಯಾಂಡರ್ ಪೇಸ್ ಮತ್ತು ವಿಜಯ್ ಅಮೃತರಾಜ್ ಒಳಗೆ ಹೋದಾಗ. ಲೆಕ್ಕ ಹಾಕಿದರೆ 70 ವರ್ಷ. ಇಂಥ ಆಮೆ ನಡಿಗೆ ನಮಗೆ ಒಗ್ಗುವುದಿಲ್ಲ. ನಮ್ಮಲ್ಲಿ ಶಂಕುಸ್ಥಾಪನೆ ಒಂದು ಸರ್ಕಾರದ ಕೈಯಲ್ಲಿ, ಉದ್ಘಾಟನೆ ಇನ್ನೊಂದರ ಕೈಯಲ್ಲಿ ಆಗುವುದು ವಾಡಿಕೆ. ಆದ್ದರಿಂದ ಎರಡು ಕಲ್ಲುಗಳಿಗೂ ಈಗಲೇ ಗೋಡೆಯಲ್ಲಿ ಜಾಗ ಬಿಡಿ. ಮಿಕ್ಕ ಗೋಡೆಯಲ್ಲಿ ಟೆನಿಸ್ ಬರಲಿ.

ಮೊದಲ ತಲೆನೋವು, ಯಾರು ನಮ್ಮವರು ಎಂಬುದು. ಮಹೇಶ್ ಭೂಪತಿಯವರನ್ನೇ ತೆಗೆದುಕೊಳ್ಳಿ. ಹುಟ್ಟಿದ್ದು ಮದ್ರಾಸು, ಬೆಳೆದದ್ದು ಮಸ್ಕತ್ತು, ಕಾಲೇಜು ಮಿಸಿಸಿಪ್ಪಿ, ಮನೆ ಮಾಡಿದ್ದು ಬೆಂಗಳೂರು. 1997ರಲ್ಲಿ ಜಪಾನಿನ ರಿಕಾ ಹಿರಾಕಿ ಜೊತೆ ಫ್ರೆಂಚ್ ಓಪನ್ ಮಿಶ್ರ ಡಬಲ್ಸ್ ಗೆದ್ದು, ಗ್ರ್ಯಾಂಡ್ ಸ್ಲಾಮ್ ಪ್ರಶಸ್ತಿ ಮುಟ್ಟಿದ ಮೊದಲ ಭಾರತೀಯರಾದರು. ಆಮೇಲೆ ಒಟ್ಟು 12 ಆದವು. ಒಂದರಿಂದ ಹನ್ನೆರಡರವರೆಗೆ ಅವರು ಪ್ರತಿ ಸಲವೂ ಅಪ್ಪಟ ಬೆಂಗಳೂರಿಗರು. ಮೊದಲ ಸುತ್ತಿನಲ್ಲಿ ಸೋತ ಟೂರ್ನಿಗಳನ್ನು ಮಾತ್ರ ಮಸ್ಕತ್ತಿನ ಲೆಕ್ಕಕ್ಕೆ ಬರೆದುಕೊಳ್ಳಬಹುದು. ಬೈಲಾದಲ್ಲಿ ಇದಕ್ಕೊಂದು ಕಲಂ ಸೇರಿಸಿ. ಗೊಂದಲವೇ ಇರುವುದಿಲ್ಲ.

ರೋಹನ್ ಬೋಪಣ್ಣ ವಿಷಯದಲ್ಲಿ ಅಂಥ ತೊಡಕಿಲ್ಲ. ಕೊಡಗಿನವರು, ಕಾಫಿ ಬೆಳೆಗಾರರ ಮಗ. 2024ರ ಜನವರಿಯಲ್ಲಿ ಮ್ಯಾಥ್ಯೂ ಎಬ್ಡೆನ್ ಜೊತೆ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದು, 43ನೇ ವಯಸ್ಸಿನಲ್ಲಿ ವಿಶ್ವದ ಅಗ್ರ ಶ್ರೇಯಾಂಕಕ್ಕೆ ಏರಿದರು. ಅಷ್ಟು ವಯಸ್ಸಿನಲ್ಲಿ ಮೊದಲ ಸಲ ಆ ಸ್ಥಾನಕ್ಕೆ ಬಂದವರು ಹಿಂದೆ ಯಾರೂ ಇರಲಿಲ್ಲ. ಮೂರು ವರ್ಷದ ಹಿಂದೆ, 2021ರಲ್ಲಿ, ತಿಂಗಳುಗಟ್ಟಲೆ ಒಂದು ಪಂದ್ಯವನ್ನೂ ಗೆಲ್ಲದೆ ಆಟ ಬಿಟ್ಟುಬಿಡೋಣವೇ ಎಂದು ಯೋಚಿಸಿದ್ದಾಗಿ ಅವರೇ ಹೇಳಿಕೊಂಡಿದ್ದಾರೆ. ಆ ವರ್ಷ ಕೊಡಗಿನ ಹೆಮ್ಮೆ, ಕನ್ನಡದ ಕುವರ ಎಂಬ ಫ್ಲೆಕ್ಸುಗಳು ಎಲ್ಲಿದ್ದವು ಎಂದು ನಾನು ಕೇಳುವುದಿಲ್ಲ. ಮುದ್ರಣಕ್ಕೆ ಹೋಗಿದ್ದಿರಬೇಕು.

ಇಲ್ಲೇ ನನ್ನದೊಂದು ಒತ್ತಾಯವಿದೆ. ಬೋಪಣ್ಣರ ಮೊಣಕಾಲಿನ ಮೃದ್ವಸ್ಥಿ ಸವೆದು ಹೋಗಿತ್ತು. ಅವರನ್ನು ಅಂಕಣದ ಮೇಲೆ ಉಳಿಸಿದ್ದು ಅಯ್ಯಂಗಾರ್ ಯೋಗ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರರು ಟೆನಿಸ್ ತರಬೇತಿ ಕೊಟ್ಟವರಲ್ಲ. ಆದರೂ ತರಬೇತುದಾರರ ವಿಭಾಗದ ಮೊದಲ ಫೋಟೊ ಅವರದೇ ಆಗಲಿ. ಪಕ್ಕದಲ್ಲಿ ಯೋಗದ ಹಗ್ಗ, ಮರದ ಇಟ್ಟಿಗೆ, ಬೋಲ್‌ಸ್ಟರ್ ಇಡಿ. ಶಾಲೆಯ ಮಕ್ಕಳು ಬಂದಾಗ ಇದ್ಯಾವ ರ‍್ಯಾಕೆಟ್ಟು ಎಂದು ಕೇಳಲಿ.

ಇನ್ನು ನಿಮಗೆ ಬೆವರು ತರಿಸುವ ಫೋಟೊ ಒಂದಿದೆ. 2010ರಲ್ಲಿ ಬೋಪಣ್ಣ ಅಮೆರಿಕನ್ ಓಪನ್ ಫೈನಲ್ ಆಡಿದ್ದು ಪಾಕಿಸ್ತಾನದ ಐಸಾಮ್ ಉಲ್ ಹಕ್ ಖುರೇಷಿ ಜೊತೆ. ಬ್ರಯಾನ್ ಸಹೋದರರಿಗೆ ಎರಡೂ ಸೆಟ್ ಟೈಬ್ರೇಕರಿನಲ್ಲಿ ಸೋತರು. ಯುದ್ಧ ನಿಲ್ಲಿಸಿ, ಟೆನಿಸ್ ಶುರು ಮಾಡಿ ಎಂಬ ಮಾತನ್ನು ಬಟ್ಟೆಯ ಮೇಲೆ ಹಾಕಿಕೊಂಡು ತಿರುಗಿದ ಜೋಡಿ ಅದು. ಅದೇ ವರ್ಷ ಇಬ್ಬರಿಗೂ ಸೇರಿಸಿ ಆರ್ಥರ್ ಆ್ಯಷ್ ಹೆಸರಿನ ಮಾನವೀಯ ಪ್ರಶಸ್ತಿ ಬಂತು. ಈ ಫೋಟೊ ಹಾಕುವುದೋ, ಅರ್ಧ ಕತ್ತರಿಸಿ ಹಾಕುವುದೋ? ಕತ್ತರಿಸಿದರೆ ಡಬಲ್ಸ್ ಫೈನಲನ್ನು ಒಬ್ಬರೇ ಆಡಿದ ಅದ್ಭುತವೂ ನಮ್ಮ ರಾಜ್ಯದ ಖಾತೆಗೆ ಸೇರುತ್ತದೆ. ಉಪಸಮಿತಿ ರಚಿಸಿ.

ಕಬ್ಬನ್ ಪಾರ್ಕಿನ ಟೆನಿಸ್ ಕ್ರೀಡಾಂಗಣದ ಹತ್ತಿರವೇ ಭವನ ಕಟ್ಟಿದರೆ ಇನ್ನೊಂದು ಅನುಕೂಲವಿದೆ. 2012ರ ಲಂಡನ್ ಒಲಿಂಪಿಕ್ಸಿಗೆ ಪೇಸ್ ಜೊತೆ ಆಡಲು ಭೂಪತಿ, ಬೋಪಣ್ಣ ಇಬ್ಬರೂ ಒಪ್ಪಲಿಲ್ಲ. ರಾಷ್ಟ್ರೀಯ ಸಂಸ್ಥೆ ಇಬ್ಬರನ್ನೂ ಎರಡು ವರ್ಷ ಹೊರಗಿಟ್ಟಿತು. ಅದಕ್ಕೆ ತಡೆ ಕೊಟ್ಟದ್ದು ಅದೇ ಪಾರ್ಕಿನ ಅಂಚಿನ ಕೆಂಪು ಕಟ್ಟಡದಲ್ಲಿ ಕೂರುವ ನಮ್ಮ ಹೈಕೋರ್ಟು. ಆ ಪಂದ್ಯವನ್ನು ಗೆಲ್ಲಿಸಿಕೊಟ್ಟ ವಕೀಲರಿಗೂ ಒಂದು ಗೂಡು ಬೇಡವೇ?

ತರಬೇತುದಾರರ ವಿಷಯಕ್ಕೆ ಬರುತ್ತೇನೆ. ಇಲ್ಲಿ ತಮಾಷೆ ಮಾಡುವುದು ಕಷ್ಟ. ವಸ್ತುಸ್ಥಿತಿಯೇ ಆ ಕೆಲಸ ಮಾಡಿಬಿಟ್ಟಿದೆ. ನ್ಯೂಪೋರ್ಟಿನಲ್ಲೂ ತರಬೇತುದಾರರಿಗೆ ಬೇರೆ ಬಾಗಿಲಿಲ್ಲ. ಆಂದ್ರೆ ಅಗಾಸಿಯಂಥವರನ್ನು ತಯಾರು ಮಾಡಿದ ನಿಕ್ ಬೊಲೆಟಿಯೇರಿ ಕೂಡ 2014ರಲ್ಲಿ ಒಳಹೊಕ್ಕದ್ದು ಕೊಡುಗೆ ನೀಡಿದವರ ಪಟ್ಟಿಯಲ್ಲಿ. ನಮ್ಮ ದೇಶದಲ್ಲಿ ದ್ರೋಣಾಚಾರ್ಯ ಪ್ರಶಸ್ತಿ 1985ರಿಂದ ಇದೆ. ಟೆನಿಸಿಗೆ ಅದು ಮೊದಲು ಬಂದದ್ದು 2020ರಲ್ಲಿ. ಪಡೆದವರು ಕೋಲ್ಕತ್ತದ ನರೇಶ್ ಕುಮಾರ್, ಆಗ ಅವರಿಗೆ 91 ವರ್ಷ. ಹದಿಹರೆಯದ ಪೇಸ್‌ನನ್ನು 1990ರಲ್ಲಿ ಡೇವಿಸ್ ಕಪ್ ಅಂಕಣಕ್ಕೆ ಇಳಿಸಿದ್ದವರು. ಆ ಹುಡುಗ ಒಲಿಂಪಿಕ್ ಪದಕ ತಂದು, 18 ಗ್ರ್ಯಾಂಡ್ ಸ್ಲಾಮ್ ಗೆದ್ದು ಮುಗಿಸುವವರೆಗೆ ಗುರು ಕಾಯಬೇಕಾಯಿತು. ಪ್ರಶಸ್ತಿಗೆ ಹೆಸರು ಕೊಟ್ಟ ದ್ರೋಣರು ಕಾಣಿಕೆಯನ್ನು ತಾವೇ ಕೇಳಿ ಪಡೆದಿದ್ದರು. ಲೋಕಜ್ಞಾನವಿದ್ದವರು.

ಕೊನೆಯದು ಮಾರ್ಕರುಗಳ ಮಾತು. ಬೆಂಗಳೂರು, ಮೈಸೂರು, ಪ್ಲಾಂಟರ್‌ಗಳ ಊರುಗಳು, ಎಲ್ಲ ಹಳೆಯ ಕ್ಲಬ್ಬುಗಳಲ್ಲೂ ಈ ಜನ ಇದ್ದರು, ಈಗಲೂ ಇದ್ದಾರೆ. ಬೆಳಗಿನ ಜಾವ ಅಂಕಣಕ್ಕೆ ನೀರು ಹಾಕಿ, ಸುಣ್ಣದ ಗೆರೆ ಎಳೆದು, ನೆಟ್ ಬಿಗಿದು, ಮಧ್ಯಾಹ್ನ ರ‍್ಯಾಕೆಟ್ಟಿಗೆ ಗಟ್ ಹಾಕಿ, ಸಂಜೆ ಸದಸ್ಯರ ಮಕ್ಕಳಿಗೆ ಫೋರ್‌ಹ್ಯಾಂಡ್ ಕಲಿಸುವವರು. ಜೊತೆಗೆ ಇನ್ನೊಂದು ವಿದ್ಯೆ ಅವರಿಗೆ ಗೊತ್ತು, ಯಾವ ಅಕಾಡೆಮಿಯೂ ಅದನ್ನು ಕಲಿಸುವುದಿಲ್ಲ: ಸಾಹೇಬರಿಗೆ ಸೋಲುವುದು. 6–1ರಲ್ಲಿ ಸೋತರೆ ಬೇಕೆಂದೇ ಸೋತ ಎಂಬ ಗುಮಾನಿ. 7–5ಕ್ಕೆ ಎಳೆದರೆ ಸಾಹೇಬರ ಎದೆ ಹೊಡೆದುಕೊಳ್ಳುತ್ತದೆ. 6–4, ಅದೂ ಕೊನೆಯ ಗೇಮು ಡ್ಯೂಸ್‌ವರೆಗೆ ಹೋಗಿ, ಮ್ಯಾಚ್ ಪಾಯಿಂಟಿನಲ್ಲಿ ಚೆಂಡನ್ನು ಗೆರೆಯಿಂದ ಎರಡೇ ಬೆರಳು ಆಚೆ ಹೊಡೆಯಬೇಕು. ಎರಡು ಬೆರಳು ಆಚೆ ಬೀಳಿಸಬಲ್ಲವನು ಎರಡು ಬೆರಳು ಈಚೆಗೂ ಬೀಳಿಸಬಲ್ಲ ಎಂಬುದು ಸಾಹೇಬರ ತಲೆಗೆ ಹೊಳೆಯುವುದೇ ಇಲ್ಲ. ಅವನು ಆಡಬೇಕಾದ ಟೂರ್ನಿಗೆ ಪ್ರವೇಶ ಶುಲ್ಕ ಯಾರು ಕಟ್ಟುತ್ತಾರೆ ಎಂಬ ಪ್ರಶ್ನೆಯೂ ಹೊಳೆದಿರುವುದಿಲ್ಲ.

ಇವರಲ್ಲಿ ಒಬ್ಬರಿಗಾದರೂ ಫಲಕ ಹಾಕಿಸಿ. ಹೆಸರಿಗಾಗಿ ಸದಸ್ಯರನ್ನು ಕೇಳಬೇಡಿ. ಮಾರ್ಕರ್ ಎಂದೋ, ಚೋಟು ಎಂದೋ ಹೇಳಿಯಾರು. ಕ್ಲಬ್ಬಿನ ಸಂಬಳದ ರಿಜಿಸ್ಟರ್ ತೆಗೆಸಿ ನೋಡಿ. ಪೂರ್ತಿ ಹೆಸರು, ತಂದೆಯ ಹೆಸರು, ಹೆಬ್ಬೆಟ್ಟೋ ಸಹಿಯೋ, ಅಡ್ವಾನ್ಸ್ ಕಡಿತ, ಎಲ್ಲ ಅಲ್ಲಿ ಇರುತ್ತದೆ.

ಇತಿ,
ಬಿಸಿಲು ಬದಿಯ ಗ್ಯಾಲರಿಯಲ್ಲಿ ಕೂರುವ ಒಬ್ಬ ಪ್ರೇಕ್ಷಕ