ಹೆರಿಗೆ ವಾರ್ಡಿನ ಹೊರಗೆ ಕೂತಿರುವ ತಮ್ಮನಿಗೆ

ಪ್ರೀತಿಯ ತಮ್ಮಾ,

ಎರಡನೇ ಮಗು ಹುಟ್ಟಿದೆ, ತಾಯಿ ಮಗು ಚೆನ್ನಾಗಿದ್ದಾರೆ, ಸಂತೋಷ. ಇನ್ನು ಸ್ವಲ್ಪ ಹೊತ್ತಿಗೆ ನರ್ಸ್ ಬಂದು, "ಆಪರೇಷನ್ ಮಾಡಿಸ್ತೀರಾ?" ಎಂದು ಕೇಳುತ್ತಾರೆ. ಯಾರಿಗೆ ಎಂದು ಅವರೂ ಹೇಳುವುದಿಲ್ಲ, ನೀನೂ ಕೇಳುವುದಿಲ್ಲ. ನಮ್ಮ ಕಡೆ ಆ ಮಾತಿಗೆ ಒಂದೇ ಅರ್ಥ: ಹೆಂಡತಿಗೆ.

ಹನ್ನೆರಡು ವರ್ಷದ ಹಿಂದೆ ಅಂಥದೇ ಬೆಂಚಿನ ಮೇಲೆ ಕೂತು ನಾನೂ "ಹೂಂ" ಅಂದಿದ್ದೆ. ಹೊಟ್ಟೆಯ ಹೊಲಿಗೆ ಒತ್ತಿಹಿಡಿದು ನಿನ್ನ ಅತ್ತಿಗೆ ನಡುರಾತ್ರಿ ಮಗುವಿಗೆ ಹಾಲೂಡಿಸಲು ಏಳುವಾಗ ಆ "ಹೂಂ" ನನ್ನನ್ನು ಚುಚ್ಚಿತು.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಮಕ್ಕಳು ಸಾಕೆಂದು ಹೆಂಡತಿಯೇ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ದಂಪತಿಗಳು ಶೇ 37.9, ಗಂಡ ಮಾಡಿಸಿಕೊಂಡದ್ದು ಶೇ 0.3. ಹೆಂಗಸರದು ಹೊಟ್ಟೆಯೊಳಗಿನ ಶಸ್ತ್ರಚಿಕಿತ್ಸೆ. 2014ರ ನವೆಂಬರಿನಲ್ಲಿ ಛತ್ತೀಸಗಡದ ಬಿಲಾಸ್‌ಪುರದ ಇದೇ ಶಸ್ತ್ರಚಿಕಿತ್ಸೆಯ ಶಿಬಿರಕ್ಕೆ ಹೋದ ಹತ್ತಕ್ಕೂ ಹೆಚ್ಚು ತಾಯಂದಿರು ಜೀವಂತ ಉಳಿಯಲಿಲ್ಲ. ಗಂಡಸರದು ಚರ್ಮದಲ್ಲಿ ಒಂದು ಸಣ್ಣ ತೂತು. ಹೊಲಿಗೆ ಇಲ್ಲ, ಅರ್ಧ ಗಂಟೆಯ ಕೆಲಸ, ಅವತ್ತೇ ಮನೆಗೆ. ಮೂರು ತಿಂಗಳು ಕಾಂಡೋಮ್ ಬಳಸಿ, ವೀರ್ಯ ಪರೀಕ್ಷೆ ಮಾಡಿಸಿದರೆ ಮುಗಿಯಿತು.

ಶಕ್ತಿ ಹೋಗುತ್ತದೆ ಎಂದು ಯಾರಾದರೂ ಹೆದರಿಸಿದರೆ ಇಷ್ಟು ನೆನಪಿಡು: ಕತ್ತರಿಸುವುದು ವೀರ್ಯಾಣು ಸಾಗುವ ನಾಳವನ್ನು ಮಾತ್ರ. ಗಂಡಸಿನ ಹಾರ್ಮೋನು ವೃಷಣದಿಂದ ನೇರ ರಕ್ತಕ್ಕೆ ಸೇರುತ್ತದೆ, ಅದರ ದಾರಿಯೇ ಬೇರೆ.

ಈ ಭಯ ಸುಮ್ಮನೆ ಹುಟ್ಟಿದ್ದಲ್ಲ ಎಂಬುದೂ ನನಗೆ ಗೊತ್ತು. ತುರ್ತುಪರಿಸ್ಥಿತಿಯಲ್ಲಿ, 1976–77ರ ಒಂದೇ ವರ್ಷ, 60 ಲಕ್ಷಕ್ಕೂ ಹೆಚ್ಚು ಗಂಡಸರಿಗೆ ಈ ಆಪರೇಷನ್ ಆಯಿತು. ಎಷ್ಟೋ ಜನರನ್ನು ಬಲವಂತವಾಗಿ ಎಳೆದೊಯ್ದರು. ಅದು ಘೋರ ಅನ್ಯಾಯ. ಆದರೆ ಆ ಅನ್ಯಾಯದ ಸಾಲವನ್ನು ಅಂದಿನಿಂದ ಇಂದಿನವರೆಗೂ ತೀರಿಸುತ್ತಿರುವುದು ಹೆಂಗಸರ ಮೈ.

"ನನ್ನ ಮಗ ದುಡಿಯೋನು, ಭಾರ ಎತ್ತೋನು, ಅವನಿಗೆ ಬೇಡ" ಎಂದು ಅಮ್ಮ ಹೇಳಬಹುದು. ನೀರಿನ ಕೊಡ, ಕಂಕುಳ ಕೂಸು, ಒಂಬತ್ತು ತಿಂಗಳ ಬಸಿರು, ಇದನ್ನೆಲ್ಲ ಎತ್ತಿದವಳು ಯಾರು ಎಂದು ಅಮ್ಮನಿಗೇ ಮೆಲ್ಲಗೆ ನೆನಪಿಸು. ಅವರಿಗೂ ಗೊತ್ತಿರುವ ಭಾರವೇ ಅದು.

ನರ್ಸ್ ಬಂದಾಗ ಒಂದು ನಿಮಿಷ ತಡೆಯಲು ಹೇಳು. ಒಳಗೆ ಹೋಗಿ ಹೆಂಡತಿಯ ಪಕ್ಕ ಕೂತು, "ನಾನು ಮಾಡಿಸ್ಕೊಳ್ಳಲಾ?" ಎಂದು ಕೇಳು. ನಾನು ಕೇಳಲಿಲ್ಲ.

ಇಂತಿ ನಿನ್ನ,
ಅಣ್ಣ