ಓಡೂದು ಬ್ಯಾರೆ, ಒದರೂದು ಬ್ಯಾರೆ

ಅಮೆರಿಕದವರು ‘ಮಸಲ್ ಕಾರ್’ ಎಂದು ಕರೆಯುವ ವಾಹನಜಾತಿಯ ಹಿಂದಿರುವ ತತ್ತ್ವ ಬಹಳ ಸರಳವಾದುದು: ಮಧ್ಯಮ ಗಾತ್ರದ, ಹೆಚ್ಚು ತೂಕವಿಲ್ಲದ ಕಾರಿನ ಮೈಯೊಳಗೆ ಅದರ ಯೋಗ್ಯತೆಗೆ ಮೀರಿದ ಎಂಜಿನ್ನೊಂದನ್ನು ಕೂರಿಸಿ, ಮುಂದಿನದನ್ನು ಟೈರಿಗೂ ದೈವಕ್ಕೂ ಬಿಡುವುದು. 1964ರಲ್ಲಿ ಬಂದ ಪಾಂಟಿಯಾಕ್ ಜಿಟಿಒ ಈ ಜಾತಿಯ ಮೂಲಪುರುಷನೆಂದು ಸಾಮಾನ್ಯವಾಗಿ ಒಪ್ಪುತ್ತಾರೆ. ಅದರ ಎಂಟು ಸಿಲಿಂಡರುಗಳ ಒಟ್ಟು ಗಾತ್ರ ಸುಮಾರು 6.4 ಲೀಟರ್; ಅಂದರೆ 1983ರ ಡಿಸೆಂಬರಿನಲ್ಲಿ ನಮ್ಮ ರಸ್ತೆಗಿಳಿದು ದೇಶದ ಮಧ್ಯಮ ವರ್ಗವನ್ನೇ ಹೊತ್ತು ತಿರುಗಿದ ಮಾರುತಿ 800ರ ಇಡೀ ಎಂಜಿನ್ನು ಆ ಕಾರಿನ ಒಂದೇ ಒಂದು ಸಿಲಿಂಡರಿಗೆ ಸಮ. ಇಂಥ ಕಾರಿಗೂ, ಕಿತ್ತೂರಿನ ಬಳಿಯ ದೇಗಾಂವಿನಿಂದ ಬಸ್ ಪಾಸಿನ ಮೇಲೆ ಕಾಲೇಜಿಗೆ ಹೋಗಿಬರುವ ವಿದ್ಯಾರ್ಥಿಗೂ ಸಂಬಂಧವೇನೆಂದು ಕೇಳಿದರೆ, ತತ್ತ್ವ ಅದೇ, ತಕ್ಕಡಿ ಮಾತ್ರ ಬೇರೆ ಎಂದು ಉತ್ತರಿಸಬೇಕಾಗುತ್ತದೆ. ಆ ವಿದ್ಯಾರ್ಥಿಯ ಮಸಲ್ ಕಾರಿಗೆ ಚಕ್ರಗಳು ಎರಡು, ಸಿಲಿಂಡರು ಒಂದು, ಗಾತ್ರ 98 ಸಿಸಿ, ಹೆಸರು ಯಮಹಾ ಆರ್‌ಎಕ್ಸ್ 100.

1985ರಿಂದ 1996ರವರೆಗೆ ಎಸ್ಕಾರ್ಟ್ಸ್ ಕಂಪನಿಯ ಸಹಯೋಗದಲ್ಲಿ ಭಾರತದಲ್ಲಿ ತಯಾರಾದ ಈ ಗಾಡಿಯ ತೂಕ ಒಂದು ಕ್ವಿಂಟಲ್‌ನ ಆಸುಪಾಸು, ಬಲ 11 ಅಶ್ವಶಕ್ತಿ. ನೂರು ಸಿಸಿಯ ಗಾಡಿಗಳೆಲ್ಲ ಮೈಲೇಜಿನ ಲೆಕ್ಕದಲ್ಲಿ ಮುಳುಗಿದ್ದ ಕಾಲಕ್ಕೆ ಇದು ಅತಿರೇಕವೇ ಸರಿ. ಅತಿರೇಕದ ಗುಟ್ಟಿರುವುದು ‘ಟೂ ಸ್ಟ್ರೋಕ್’ ಎಂಬ ಎಂಜಿನ್ ಕ್ರಮದಲ್ಲಿ: ಸಾಮಾನ್ಯ ಗಾಡಿಯ ಪಿಸ್ಟನ್ನು ಎರಡು ಸಲ ಮೇಲೆ ಕೆಳಗೆ ಓಡಾಡಿ ಒಮ್ಮೆ ಬೆಂಕಿ ಕಾಣುತ್ತದೆ, ಇದರ ಪಿಸ್ಟನ್ನು ಪ್ರತಿ ಸಲ ಮೇಲೆ ಬಂದಾಗಲೂ ಕಾಣುತ್ತದೆ. ಜೊತೆಗೆ ಎಂಜಿನ್ನಿನ ಒಳಗನ್ನು ಜಾರುವಂತೆ ಇಡುವ ಆಯಿಲ್ಲು ಪೆಟ್ರೋಲಿನೊಡನೆಯೇ ಉರಿದುಹೋಗುವುದರಿಂದ ಹಿಂದೆ ನೀಲಿ ಹೊಗೆ ಬರುತ್ತದೆ. ಆ ಹೊಗೆಯನ್ನು ಸರ್ಕಾರ ಮಾಲಿನ್ಯವೆಂದೂ ಅಭಿಮಾನಿಗಳು ಪರಿಮಳವೆಂದೂ ಕರೆದರು. 1996ರಲ್ಲಿ ಸರ್ಕಾರದ ವ್ಯಾಖ್ಯೆಯೇ ಗೆದ್ದು ಆರ್‌ಎಕ್ಸ್ 100 ನಿಂತಿತು. ನಿಂತದ್ದೇ ತಡ ಅದರ ಬೆಲೆ ಏರಲು ತೊಡಗಿ, ಇಂದು ಓಡುವ ಸ್ಥಿತಿಯ, ಕಾಗದಪತ್ರ ಸರಿಯಿರುವ ಗಾಡಿಗೆ ಹೊಸದಿದ್ದಾಗಿನ ಬೆಲೆಯ ಹಲವು ಪಟ್ಟು ಕೊಡಬೇಕಾಗಿದೆ.

ಕರ್ನಾಟಕದಲ್ಲಿ ಕುಳಿತು ಈ ವಿಷಯ ಬರೆಯುವವರು ಮೈಸೂರನ್ನು ದಾಟಿ ಹೋಗುವಂತಿಲ್ಲ. 1960ರಲ್ಲಿ ಅಲ್ಲಿ ನೆಲೆಗೊಂಡ ಐಡಿಯಲ್ ಜಾವಾ ಕಾರ್ಖಾನೆ ಮೊದಲು ಚೆಕ್ ಮೂಲದ ಜಾವಾವನ್ನೂ 1973ರಿಂದ ಯೆಜ್ಡಿಯನ್ನೂ ತಯಾರಿಸಿ 1996ರಲ್ಲಿ ಬಾಗಿಲು ಹಾಕಿತು. ಒಂದೇ ವರ್ಷದಲ್ಲಿ ಎರಡೆರಡು ಗಾಡಿಗಳ ತಿಥಿ ಬಿದ್ದದ್ದು ಟೂ ಸ್ಟ್ರೋಕ್ ಭಕ್ತರಿಗೆ ಇಂದಿಗೂ ಮರೆಯಲಾಗದ ಸಂಗತಿ. ಎರಡು ಸೈಲೆನ್ಸರಿನ, 250 ಸಿಸಿಯ ಯೆಜ್ಡಿಯಲ್ಲಿ ಕಿಕ್ ಹೊಡೆಯುವ ಕಡ್ಡಿಯೂ ಗಿಯರ್ ಹಾಕುವ ಕಡ್ಡಿಯೂ ಒಂದೇ ಆಗಿದ್ದು, ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕು, ಹಾಗೇ ಬಿಟ್ಟರೆ ಗಿಯರು; ಈ ಮಿತವ್ಯಯ ವಿದ್ಯಾರ್ಥಿಗಳಿಗೆ ಒಗ್ಗುವಂಥದ್ದೇ. ಎಸ್ಕಾರ್ಟ್ಸಿನವರೇ 1983ರಿಂದ ಮಾಡಿದ ರಾಜದೂತ್ 350 ಇನ್ನೂ ಬಲಶಾಲಿಯಾಗಿತ್ತು, ಆದರೆ ಅದರ ಪೆಟ್ರೋಲ್ ದಾಹವನ್ನು ಕಂಡು ಅಂದಿನ ಸಂಬಳದಾರರೇ ಹಿಂದೆ ಸರಿದ ಮೇಲೆ ಇಂದಿನ ವಿದ್ಯಾರ್ಥಿಯ ಮಾತೇಕೆ.

ವಿದ್ಯಾರ್ಥಿಯ ಬಜೆಟ್ಟು ಎಂಬುದಕ್ಕೆ ಅರ್ಥಶಾಸ್ತ್ರದ ಪಠ್ಯಗಳಲ್ಲಿ ವ್ಯಾಖ್ಯೆ ಸಿಕ್ಕುವುದಿಲ್ಲವಾದ್ದರಿಂದ ಇಲ್ಲಿಯೇ ಒಂದನ್ನು ಕೊಡುವುದು ಅಗತ್ಯ: ಜಮೆಯ ಕಾಲಮ್ಮು ಖಾಲಿಯಿದ್ದು, ಖರ್ಚಿನ ಕಾಲಮ್ಮು ಸಾಲದೆ ಹಾಳೆಯ ಹಿಂಬದಿಗೆ ಹೋಗಿರುವ ಬಜೆಟ್ಟೇ ವಿದ್ಯಾರ್ಥಿಯ ಬಜೆಟ್ಟು. ಬೈಲಹೊಂಗಲ, ಕಿತ್ತೂರು ಸೀಮೆಯಲ್ಲಿ ಇದಕ್ಕೆ ಇನ್ನೊಂದು ಸ್ಥಳೀಯ ಲಕ್ಷಣವಿದೆ. ಇಲ್ಲಿನ ಬಹುಪಾಲು ಮನೆಗಳಲ್ಲಿ ದೊಡ್ಡ ಖರ್ಚಿನ ಮಾತು ಎದ್ದಾಗಲೆಲ್ಲ ತಂದೆಯ ಬಾಯಿಂದ ಬರುವ ವಾಕ್ಯ ಒಂದೇ: “ಕಬ್ಬಿನ ಬಿಲ್ ಬರ್ಲಿ, ನೋಡೂಣಂತ.” ಕಬ್ಬು ಕಾರ್ಖಾನೆ ಮುಟ್ಟಿದ 14 ದಿನಗಳೊಳಗೆ ರೈತನಿಗೆ ಹಣ ಸಂದಾಯವಾಗಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆಯಾದರೂ, ಆ ಆದೇಶವನ್ನು ಬರೆದವರು ಬಿಲ್ಲಿಗಾಗಿ ಕಾದು ಕುಳಿತವರಲ್ಲವೆಂಬುದು ಕಬ್ಬು ಬೆಳೆಯುವ ಯಾವ ಊರಿನ ಕಟ್ಟೆಯಲ್ಲಿ ಕೇಳಿದರೂ ತಿಳಿಯುತ್ತದೆ. ಬಿಲ್ಲು ಬಂದಾಗ ಮೊದಲು ಸೊಸೈಟಿಯ ಸಾಲ, ಆಮೇಲೆ ಗೊಬ್ಬರದ ಉದ್ರಿ, ಆಮೇಲೆ ಅಕ್ಕನ ಸೀಮಂತ. ಗಾಡಿಯ ಸರದಿ ಬರುವ ಹೊತ್ತಿಗೆ ಮುಂದಿನ ಹಂಗಾಮಿನ ಕಬ್ಬು ಮೊಣಕಾಲೆತ್ತರ ಬೆಳೆದಿರುತ್ತದೆ. ಆದ್ದರಿಂದ ವಿದ್ಯಾರ್ಥಿ ಕೊಳ್ಳುವುದು ಓಡುವ ಗಾಡಿಯನ್ನಲ್ಲ, ಯಾವುದೋ ಕಾಕಾನ ಮನೆಯ ಹಿತ್ತಲಲ್ಲಿ ಕೋಳಿಗಳಿಗೆ ಆಸರೆಯಾಗಿ ನಿಂತದ್ದನ್ನು. ಅದಕ್ಕೆ ಕೊಟ್ಟ ದುಡ್ಡಿನ ನಂತರ ಕೈಯಲ್ಲಿ ಉಳಿಯುವುದೇ ಮಾರ್ಪಾಡಿನ ನಿಧಿ.

ನಿಧಿ ಇಷ್ಟೇ ಆದುದರಿಂದ ಮಾರ್ಪಾಡಿನ ಮೊದಲ ಹಂತವು ಏನನ್ನಾದರೂ ಸೇರಿಸುವುದಾಗಿರದೆ ಇರುವುದನ್ನು ತೆಗೆಯುವುದಾಗಿರುತ್ತದೆ, ಏಕೆಂದರೆ ತೆಗೆಯುವುದಕ್ಕೆ ಕಾಸು ಬೇಕಿಲ್ಲ, ಗೆಳೆಯನ ಮನೆಯ ಹತ್ತು ನಂಬರಿನ ಪಾನಾ ಸಾಕು. ಕನ್ನಡಿಗಳು ಹೋಗುತ್ತವೆ, ಇಂಡಿಕೇಟರುಗಳು ಹೋಗುತ್ತವೆ, ಹೆಣ್ಣುಮಕ್ಕಳ ಸೀರೆ ಚಕ್ರಕ್ಕೆ ಸಿಕ್ಕದಂತೆ ಹಾಕಿದ್ದ ಗಾರ್ಡು ಹೋಗುತ್ತದೆ, ಕೊನೆಗೆ ಹಿಂದಿನ ಮಡ್‌ಗಾರ್ಡು ಹೋಗುತ್ತದೆ. ತೂಕ ಇಳಿದರೆ ವೇಗ ಏರುತ್ತದೆಂಬ ಭೌತಶಾಸ್ತ್ರ ಇದಕ್ಕೆ ಆಧಾರ. ಭೌತಶಾಸ್ತ್ರ ಸರಿಯೇ ಇದೆ. ಆದರೆ ಜೂನ್ ತಿಂಗಳ ಮೊದಲ ಮಳೆಗೆ ಬೈಲಹೊಂಗಲದ ಎರೆಮಣ್ಣು ಹಿಂದಿನ ಗಾಲಿಯಿಂದ ಎದ್ದು, ಸವಾರನ ಸೊಂಟದಿಂದ ಕುತ್ತಿಗೆಯವರೆಗೆ ನೆಟ್ಟಗೆ ಒಂದು ಕರಿಪಟ್ಟೆಯನ್ನು ಬರೆದು, ಒಣಗಿದ ಮೇಲೆ ಅಂಗಿಯೊಡನೆ ಏಕಶಿಲೆಯಾಗಿ ಬಿಡುತ್ತದೆ. ತಾಯಿಗೆ ಮಗನ ಗಾಡಿ ಮಾರ್ಪಾಡಾದದ್ದು ಮೊದಲು ತಿಳಿಯುವುದು ಬಟ್ಟೆ ಒಗೆಯುವ ಕಲ್ಲಿನ ಮೇಲೆ.

ಎರಡನೆಯ ಹಂತ ಸೈಲೆನ್ಸರಿನದು, ಮತ್ತು ಈ ಹಂತದಲ್ಲಿ ತುಸು ನಿಲ್ಲಬೇಕು, ಏಕೆಂದರೆ ಆರ್‌ಎಕ್ಸಿನ ಸೈಲೆನ್ಸರು ಹೆಸರು ಹೇಳುವಂತೆ ಬರಿಯ ಸದ್ದಡಗಿಸುವ ಸಾಧನವಲ್ಲ. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಹೊಗೆ ಹೊರಹೋಗುವ ಕಿಂಡಿಯೂ ಹೊಸ ಪೆಟ್ರೋಲ್ ಮಿಶ್ರಣ ಒಳಬರುವ ಕಿಂಡಿಯೂ ಕೆಲ ಕ್ಷಣ ಒಟ್ಟಿಗೆ ತೆರೆದಿರುವುದರಿಂದ, ಬಂದ ಮಿಶ್ರಣ ಉರಿಯದೆ ಹೊಗೆಯೊಡನೆ ಹೊರಟುಹೋಗುವ ಭಯವಿರುತ್ತದೆ. ಕೊಳವೆ ಮೊದಲು ಹಿಗ್ಗಿ ಆಮೇಲೆ ಕುಗ್ಗುವಂತೆ ಮಾಡಿದರೆ, ಅದರ ತುದಿಗೆ ಬಡಿದು ಹಿಂದಿರುಗುವ ಒತ್ತಡದ ಅಲೆ ಆ ಮಿಶ್ರಣವನ್ನು ಸಿಲಿಂಡರಿಗೆ ವಾಪಸು ತಳ್ಳುತ್ತದೆ. ಈ ವಿದ್ಯೆಯನ್ನು 1950ರ ದಶಕದಲ್ಲಿ ಪಕ್ವಗೊಳಿಸಿದವನು ಪೂರ್ವ ಜರ್ಮನಿಯ ಎಂಜೆಡ್ ಕಂಪನಿಯ ಎಂಜಿನಿಯರ್ ವಾಲ್ಟರ್ ಕಾಡೆನ್. ಅದನ್ನು ಜಪಾನಿಗೆ ಮುಟ್ಟಿಸಿದವನು ಅದೇ ತಂಡದ ಸವಾರ ಅರ್ನ್ಸ್ಟ್ ಡೆಗ್ನರ್. ಅವನು 1961ರ ಸ್ವೀಡನ್ ರೇಸಿನ ಹೊತ್ತಿಗೆ ತಂಡವನ್ನೂ ದೇಶವನ್ನೂ ಒಟ್ಟಿಗೆ ಬಿಟ್ಟು ಓಡಿ, ಸುಜುಕಿಯನ್ನು ಸೇರಿ, ಮರುವರ್ಷವೇ 50 ಸಿಸಿ ವರ್ಗದ ವಿಶ್ವ ಚಾಂಪಿಯನ್ ಆದನು. ಹೀಗೆ ಶೀತಲ ಸಮರದ ಬೇಲಿ ಹಾರಿ ಬಂದ ವಿದ್ಯೆ ಅಡಗಿರುವ ಕೊಳವೆಯನ್ನು ಪೇಟೆಯ ವೆಲ್ಡಿಂಗ್ ಅಂಗಡಿಯೊಂದರಲ್ಲಿ ಚಹಾ ಕುಡಿಯುವಷ್ಟರೊಳಗೆ ಕೊಯ್ದು, ಒಳಗಿನ ತೂತುಕೊಳವೆಯನ್ನು ಕಿತ್ತು ಗುಜರಿಯ ಬುಟ್ಟಿಗೆ ಎಸೆದು, ಗಾಡಿ ಈಗ ‘ಓಪನ್’ ಆಯಿತೆಂದು ಘೋಷಿಸುತ್ತಾರೆ. ಸದ್ದು ಇಮ್ಮಡಿಯಾಗುತ್ತದೆ, ಆದರೆ ಹಿಂದಿರುಗಬೇಕಾದ ಅಲೆ ದಾರಿ ತಪ್ಪುವುದರಿಂದ ಕಡಿಮೆ ವೇಗದಲ್ಲಿದ್ದ ಎಳೆತ ಬಹಳ ಸಲ ಕುಸಿಯುತ್ತದೆ. ಏರಿನಲ್ಲಿ ಹಿಂದೆ ಬಿದ್ದ ಗಾಡಿಯನ್ನು ತಂದು ನಿಲ್ಲಿಸಿದ ಹುಡುಗನಿಗೆ ಹಳೆಯ ಮಿಸ್ತ್ರಿಗಳು ಕೊಡುವ ತೀರ್ಪು ಒಂದೇ ವಾಕ್ಯದ್ದು: “ತಮ್ಮಾ, ಓಡೂದು ಬ್ಯಾರೆ, ಒದರೂದು ಬ್ಯಾರೆ.” ಈ ವಿಷಯದಲ್ಲಿ ಇದಕ್ಕಿಂತ ಪ್ರಬುದ್ಧವಾದ ವಿಮರ್ಶೆ ಇನ್ನೂ ಬಂದಿಲ್ಲ.

ಮೂರನೆಯ ಹಂತಕ್ಕೆ ಹೋಗುವವರು ಕಡಿಮೆ. ಹೋದವರು ಹಿಂದಿರುಗುವುದು ಇನ್ನೂ ಕಡಿಮೆ. ಇದು ಎಂಜಿನ್ ಬಿಚ್ಚುವ ಹಂತ. ಬೆಳಗಾವಿಯ ಉದ್ಯಮಬಾಗ ಫೌಂಡ್ರಿ, ಲೇತು, ಯಂತ್ರಭಾಗಗಳ ಕೆಲಸಕ್ಕೆ ಹೆಸರಾದ ಪ್ರದೇಶವಾದ್ದರಿಂದ, ಈ ಭಾಗದ ವಿದ್ಯಾರ್ಥಿ ಸಿಲಿಂಡರನ್ನು ಹಳೆಯ ಪೇಪರಿನಲ್ಲಿ ಸುತ್ತಿ, ಕಾಲೇಜಿನ ಚೀಲಕ್ಕಿಳಿಸಿ, ಬೆಳಗಾವಿ ಬಸ್ಸು ಹತ್ತುವುದು ಸಹಜ. ಆರ್‌ಎಕ್ಸ್ 100ರ ಸಿಲಿಂಡರಿನ ಅಗಲ 50 ಮಿಲಿಮೀಟರ್, ಪಿಸ್ಟನ್ನಿನ ಓಡಾಟವೂ 50 ಮಿಲಿಮೀಟರ್. ಸವೆದ ಸಿಲಿಂಡರನ್ನು ಒಂದು ಸಲ ಬೋರ್ ಮಾಡಿಸಿದರೆ, ಎಂದರೆ ಒಳಗೋಡೆಯನ್ನು ಕೊರೆದು ನುಣುಪುಗೊಳಿಸಿದರೆ, ಅಗಲ ಕಾಲು ಮಿಲಿಮೀಟರ್ ಹೆಚ್ಚಿ, ಅದಕ್ಕೆ ತಕ್ಕ ದೊಡ್ಡ ಪಿಸ್ಟನ್ನು ಬೇಕಾಗುತ್ತದೆ. ಹೀಗೆ ನಾಲ್ಕು ಬೋರು ಮುಗಿದಾಗ ಅಗಲ 51 ಮಿಲಿಮೀಟರ್ ಆಗಿ ಎಂಜಿನ್ನು 98ರಿಂದ 102 ಸಿಸಿಗೆ ಏರುತ್ತದೆ. ಈ ನಾಲ್ಕು ಸಿಸಿಯ ಬಡ್ತಿಯನ್ನು ಹುಡುಗರು ಕ್ಯಾಂಟೀನಿನಲ್ಲಿ ವರ್ಣಿಸುವ ರೀತಿಗೂ ಪಾಂಟಿಯಾಕಿನ 6.4 ಲೀಟರಿಗೂ ಗಣನೀಯ ವ್ಯತ್ಯಾಸವೇನೂ ಕಾಣುವುದಿಲ್ಲ.

ಬೋರಿಗಿಂತ ಸೂಕ್ಷ್ಮವಾದದ್ದು ‘ಪೋರ್ಟಿಂಗ್’, ಅಂದರೆ ಸಿಲಿಂಡರಿನ ಗೋಡೆಯಲ್ಲಿರುವ ಕಿಂಡಿಗಳನ್ನು ಅರದಿಂದ ಉಜ್ಜಿ ಹಿಗ್ಗಿಸುವ ಕಲೆ. ಹೊಗೆಯ ಕಿಂಡಿಯನ್ನು ಒಂದಿಷ್ಟು ಎತ್ತರಿಸಿದರೆ ಎಂಜಿನ್ನು ಮೇಲಿನ ವೇಗದಲ್ಲಿ ಚುರುಕಾಗುತ್ತದೆ, ಕೆಳಗಿನ ವೇಗದಲ್ಲಿ ಮಂಕಾಗುತ್ತದೆ. ದೇಗಾಂವಿನಲ್ಲಿ ಗೋವೆಯ ಕದಂಬರ ರಾಣಿ ಕಮಲಾದೇವಿ 12ನೆಯ ಶತಮಾನದಲ್ಲಿ ಕಟ್ಟಿಸಿದ ಕಮಲನಾರಾಯಣ ಗುಡಿಯ ಕೆತ್ತನೆಯನ್ನು ನೋಡಿ ಬೆಳೆದ ಹುಡುಗರಿಗೆ ಇದನ್ನು ವಿವರಿಸುವುದು ಸುಲಭ: ಎರಡೂ ಕಡೆ ತೆಗೆದದ್ದನ್ನು ಮರಳಿ ಅಂಟಿಸಲು ಬರುವುದಿಲ್ಲ. ಆ ಗುಡಿಯ ಶಿಲ್ಪಿ ಉಳಿ ಹಿಡಿಯುವ ಮೊದಲು ಎಷ್ಟು ವರ್ಷ ಕಲಿತಿದ್ದನೋ, ಇಲ್ಲಿನ ಶಿಲ್ಪಿ ಕಲಿತದ್ದು ಹಿಂದಿನ ರಾತ್ರಿ ನೋಡಿದ ಒಂದು ವಿಡಿಯೊದಿಂದ. ಇದರ ಮೇಲೆ, ಗಾಡಿಯ ಆಯಿಲ್ ಪಂಪು ಕೆಟ್ಟಿತ್ತೆಂದು ಅದನ್ನೂ ಕಿತ್ತು, ಟಾಕಿಯಲ್ಲಿ ಪೆಟ್ರೋಲಿಗೇ ಆಯಿಲ್ ಬೆರೆಸುವ ಪದ್ಧತಿಗೆ ಇಳಿದಿದ್ದರೆ, ಬೆರಕೆ ಒಂದು ದಿನ ಮರೆತುಹೋಗುವುದು ಖಂಡಿತ. ಆಗ ಕಿತ್ತೂರಿನಿಂದ ಧಾರವಾಡದತ್ತ ಹೆದ್ದಾರಿಯಲ್ಲಿ ಗಾಡಿ ಬಿಟ್ಟ ಬಾಣವಾಗಿರುವಾಗಲೇ ಪಿಸ್ಟನ್ನು ಕಾದು, ಹಿಗ್ಗಿ, ಗೋಡೆಗೆ ಕಚ್ಚಿಕೊಳ್ಳುತ್ತದೆ. ಗ್ಯಾರೇಜಿನ ಭಾಷೆಯಲ್ಲಿ ಇದಕ್ಕೆ ‘ಸೀಜ್ ಆಗುವುದು’ ಎನ್ನುತ್ತಾರೆ. ಬಜೆಟ್ಟೂ ಅದೇ ಕ್ಷಣಕ್ಕೆ ಸೀಜ್ ಆಗುವುದರಿಂದ ಪದ ಎರಡಕ್ಕೂ ಸಲ್ಲುತ್ತದೆ.

ಇಷ್ಟರಲ್ಲಿ ಕಾನೂನು ಪ್ರವೇಶಿಸುತ್ತದೆ. ತಯಾರಕರು ಕೊಟ್ಟ ಮೂಲ ವಿವರಗಳಿಗೂ ನೋಂದಣಿ ಪುಸ್ತಕಕ್ಕೂ ಹೊಂದದಂತೆ ವಾಹನವನ್ನು ಮಾರ್ಪಡಿಸಬಾರದೆಂದು 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ಹೇಳುತ್ತದೆ. 2019ರ ಜನವರಿಯಲ್ಲಿ, ಕೇರಳದಿಂದ ಬಂದ ಒಂದು ಪ್ರಕರಣದಲ್ಲಿ, ಸರ್ವೋಚ್ಚ ನ್ಯಾಯಾಲಯವೂ ಅದನ್ನೇ ಗಟ್ಟಿ ಮಾಡಿತು. ಅದೇ ವರ್ಷದ ತಿದ್ದುಪಡಿಯಂತೆ, ಅನುಮತಿಯಿಲ್ಲದ ಮಾರ್ಪಾಡಿಗೆ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆ ಅಥವಾ ಮಾರ್ಪಾಡೊಂದಕ್ಕೆ 5000 ರೂಪಾಯಿ ದಂಡ. ‘ಒಂದಕ್ಕೆ’ ಎಂಬುದನ್ನು ಗಮನಿಸಬೇಕು: ಪ್ರತಿಯೊಂದು ಮಾರ್ಪಾಡಿಗೂ ದರ ನಿಗದಿ ಮಾಡಿದ ಏಕೈಕ ಅಧಿಕೃತ ಪಟ್ಟಿ ಇದು. ಇಷ್ಟು ಸಾಲದೆಂಬಂತೆ, ರಾಜ್ಯದ ಹಲವು ಊರುಗಳಲ್ಲಿ ಪೊಲೀಸರು ವಶಪಡಿಸಿಕೊಂಡ ಕರ್ಕಶ ಸೈಲೆನ್ಸರುಗಳನ್ನು ನಡುರಸ್ತೆಯಲ್ಲಿ ಸಾಲಾಗಿ ಮಲಗಿಸಿ ರೋಡ್ ರೋಲರ್ ಹಾಯಿಸಿದ್ದಾರೆ. ಅರಣ್ಯರೋದನ ಎಂಬ ಮಾತಿಗೆ ವಿರುದ್ಧಪದ ಬೇಕಾದವರು ಅಲ್ಲಿ ಹೋಗಿ ನೋಡಬಹುದು.

ಕೊನೆಯ ಏಟು ಬೀಳುವುದು ನೋಂದಣಿ ನವೀಕರಣದ ದಿನ. ಹದಿನೈದು ವರ್ಷ ಮೀರಿದ ಗಾಡಿಗೆ ಐದು ವರ್ಷಕ್ಕೊಮ್ಮೆ ನೋಂದಣಿಯನ್ನು ನವೀಕರಿಸಬೇಕು, ಮತ್ತು ಅದಕ್ಕಾಗಿ ಗಾಡಿಯನ್ನು ಸಾರಿಗೆ ಕಚೇರಿಯ ಇನ್‌ಸ್ಪೆಕ್ಟರರ ಮುಂದೆ ನಿಲ್ಲಿಸಬೇಕು. ಅವರು ಕನ್ನಡಿ, ಇಂಡಿಕೇಟರು, ಮಡ್‌ಗಾರ್ಡು, ಸೈಲೆನ್ಸರುಗಳನ್ನು ಕೇಳುತ್ತಾರೆ. ವಿದ್ಯಾರ್ಥಿಯ ಮಾರ್ಪಾಡಿನ ನಾಲ್ಕನೆಯ, ಮತ್ತು ಎಲ್ಲಕ್ಕಿಂತ ದುಬಾರಿಯಾದ, ಹಂತ ಶುರುವಾಗುವುದು ಇಲ್ಲಿಂದಲೇ: ಗಾಡಿಯನ್ನು ಮೂಲರೂಪಕ್ಕೆ ಮರಳಿಸುವುದು. ಬಿಚ್ಚಲು ಒಂದು ಪಾನಾ ಸಾಕಾಗಿದ್ದ ಭಾಗಕ್ಕೆ ಈಗ ಹುಬ್ಬಳ್ಳಿ, ಬೆಳಗಾವಿ, ಕೊಲ್ಹಾಪುರಗಳ ಗುಜರಿ ಓಣಿಗಳನ್ನು ಅಲೆಯಬೇಕು. ಓಣಿಯಲ್ಲಿ ಕಂಪನಿಯ ಕಾಲದ ಸೈಲೆನ್ಸರು ಸಿಕ್ಕರೆ ಅಂಗಡಿಯವನು ಅದನ್ನು ಗೋಣಿಚೀಲದಿಂದ ಅರ್ಧ ಮಾತ್ರ ಹೊರಗೆ ತೆಗೆದು ತೋರಿಸುತ್ತಾನೆ; ಅವನು ಹೇಳುವ ಬೆಲೆಯನ್ನು ಕೇಳಿದ ಮೇಲೆ ಪೂರ್ತಿ ನೋಡುವ ಆಸೆ ಉಳಿಯುವುದಿಲ್ಲ. ಅದೇ ಹುಡುಗ ಎರಡು ವರ್ಷದ ಹಿಂದೆ ತೂಕಕ್ಕೆ ಹಾಕಿದ್ದ ಮಾಲೇ ಅದಾಗಿದ್ದರೂ ಆಶ್ಚರ್ಯವಿಲ್ಲ.

ಇದರ ಪಕ್ಕದಲ್ಲೇ ಇನ್ನೊಂದು ನಿಯಮವಿದೆ. ಐವತ್ತು ವರ್ಷ ದಾಟಿದ, ಮೂಲರೂಪ ಕೆಡದ ಖಾಸಗಿ ವಾಹನವನ್ನು ‘ವಿಂಟೇಜ್’ ಎಂದು ನೋಂದಾಯಿಸಲು ಕೇಂದ್ರ ಸರ್ಕಾರ 2021ರಲ್ಲಿ ಅವಕಾಶ ಮಾಡಿಕೊಟ್ಟಿತು. ಅದರ ಶುಲ್ಕ 20,000 ರೂಪಾಯಿ. ಹೀಗೆ ನೋಂದಾದ ಗಾಡಿಯನ್ನು ಪ್ರದರ್ಶನಕ್ಕೋ ರ‍್ಯಾಲಿಗೋ ಒಯ್ಯಬಹುದೇ ಹೊರತು ದಿನನಿತ್ಯ ಓಡಿಸುವಂತಿಲ್ಲ. ಮೊದಲ ವರ್ಷದ ಆರ್‌ಎಕ್ಸ್ 100ಗಳು ಈ ಪಟ್ಟಕ್ಕೆ ಅರ್ಹವಾಗುವುದು 2035ರಲ್ಲಿ, ಅಂದರೆ ಇಂದಿನ ವಿದ್ಯಾರ್ಥಿಗೆ ಸಂಬಳವೂ ಹೊಟ್ಟೆಯೂ ಒಟ್ಟಿಗೆ ಬಂದಿರುವ ಕಾಲಕ್ಕೆ. ಆದುದರಿಂದ ಗಾಡಿಯನ್ನು ಏನಾದರೂ ಮಾಡಲೇಬೇಕೆಂದು ಕೈ ತುರಿಸುತ್ತಿರುವವರಲ್ಲಿ ಕೇಳಿಕೊಳ್ಳುವುದಿಷ್ಟೆ: ಬಿಚ್ಚುವುದನ್ನು ಬಿಚ್ಚಿರಿ, ಆದರೆ ಬಿಚ್ಚಿದ ಸೈಲೆನ್ಸರು, ಮಡ್‌ಗಾರ್ಡು, ಆಯಿಲ್ ಪಂಪುಗಳನ್ನು ಗ್ರೀಸು ಸವರಿ ಗೋಣಿಯಲ್ಲಿ ಕಟ್ಟಿ ಅಟ್ಟದ ಮೇಲಿಡಿರಿ, ಗುಜರಿಯವನು ಓಣಿಗೆ ಬಂದ ದಿನ ಮನೆಯಲ್ಲಿ ಯಾರಾದರೊಬ್ಬರು ಇರುವಂತೆ ನೋಡಿಕೊಳ್ಳಿರಿ.