ಮಸೂದೆಯೊಂದಿಗೆ ಮರಣೋತ್ತರ ಸಂದರ್ಶನ

ಅಮೆರಿಕದ ದೇಶೀಯ ಭಯೋತ್ಪಾದನೆ ತಡೆ ಮಸೂದೆ, ಎಚ್.ಆರ್. 350, ವಾಷಿಂಗ್ಟನ್ನಿನ ಕಪಾಟಿನಿಂದ ಕೆಮ್ಮುತ್ತಲೇ ಮಾತಿಗೆ ಕೂತಿತು. ಒಳಗೆ ದೂಳು ಜಾಸ್ತಿಯಂತೆ.

ಪ್ರಶ್ನೆ: ಹುಟ್ಟಿದ್ದು ಯಾವಾಗ?

ಮಸೂದೆ: ಯಾವ ಜನ್ಮದ್ದು ಹೇಳಲಿ? 2017ರಲ್ಲಿ ಹುಟ್ಟಿ ಸತ್ತೆ. 2019ರಲ್ಲಿ ಮತ್ತೆ. 2021ರ ಜನವರಿಯಲ್ಲಿ ಸಂಸತ್ ಭವನ ಕ್ಯಾಪಿಟಲ್‌ಗೆ ಗುಂಪು ನುಗ್ಗಿದ ಮೇಲೆ ಇಲಿನಾಯ್‌ನ ಸಂಸದ ಬ್ರ್ಯಾಡ್ ಷ್ನೈಡರ್ ಇನ್ನೊಮ್ಮೆ ಉಸಿರು ತುಂಬಿದರು.

ಪ್ರಶ್ನೆ: ನೀವು ಬಂದಿದ್ದರೆ ಉಗ್ರರಿಗೆ ಗಲ್ಲೋ, ಜೀವಾವಧಿಯೋ?

ಮಸೂದೆ: ನನ್ನಲ್ಲಿ ಒಂದು ದಿನದ ಜೈಲೂ ಇಲ್ಲ ಸ್ವಾಮಿ! ಗೃಹಭದ್ರತೆ, ನ್ಯಾಯ ಇಲಾಖೆ, ಎಫ್‌ಬಿಐ, ಮೂರು ಕಡೆಯೂ ಒಂದೊಂದು ಕಚೇರಿ. ಆರು ತಿಂಗಳಿಗೊಮ್ಮೆ ವರದಿ. ಸೇನೆ, ಪೊಲೀಸರೊಳಗೆ ಬಿಳಿಯ ಜನಾಂಗವಾದಿಗಳು ನುಸುಳಿದ್ದಾರೆಯೇ ಎಂದು ನೋಡಲು ಒಂದು ಕಾರ್ಯಪಡೆ. ಮುಗೀತು.

ಪ್ರಶ್ನೆ: ಹಾಗಾದರೆ ಅಪರಾಧ ಯಾವುದು?

ಮಸೂದೆ: ಒಳನಾಡಿನ ಭಯೋತ್ಪಾದನೆ ಅಂದರೇನು ಎಂದು 2001ರಲ್ಲೇ ಪೇಟ್ರಿಯಟ್ ಕಾಯ್ದೆ ಬರೆದಿಟ್ಟಿದೆ. ಅದಕ್ಕೆ ಶಿಕ್ಷೆ ಮಾತ್ರ ಬರೆದಿಲ್ಲ. ಕೊಲೆ, ಬಾಂಬು, ಬಂದೂಕಿನ ಕೇಸು ಹಾಕಿ ಹೇಗೋ ಸಾಗಿಸಬೇಕು.

(ನಮ್ಮ ಭಾರತದಲ್ಲಿ ಭಯೋತ್ಪಾದನೆಗೇ ಶಿಕ್ಷೆ ಕೊಡುವ ಯುಎಪಿಎ ಕಾಯ್ದೆ ಇದೆ ಎಂದು ಎದೆ ಸೆಟೆಸಿದೆ. "ಅದರಲ್ಲಿ ಜಾಮೀನು ಸಿಗೋದು ಕಷ್ಟವಂತಲ್ಲ?" ಎಂದಿತು. ವಿಷಯ ಬದಲಿಸಿದೆ.)

ಪ್ರಶ್ನೆ: 2022ರ ಮೇ ತಿಂಗಳು?

ಮಸೂದೆ: 14ರಂದು ನ್ಯೂಯಾರ್ಕ್ ರಾಜ್ಯದ ಬಫಲೊದ ಸೂಪರ್‌ಮಾರ್ಕೆಟ್‌ನಲ್ಲಿ ಹತ್ತು ಮಂದಿ ಕಪ್ಪು ಜನರನ್ನು ಒಬ್ಬ ಗುಂಡಿಟ್ಟು ಕೊಂದ. ನಾಲ್ಕೇ ದಿನಕ್ಕೆ ಕೆಳಮನೆ 222–203ರಲ್ಲಿ ನನ್ನನ್ನು ಪಾಸು ಮಾಡಿತು. ರಿಪಬ್ಲಿಕನ್ನರಲ್ಲಿ ಹೂಂ ಅಂದವರು ಆಡಂ ಕಿಂಜಿಂಗರ್ ಒಬ್ಬರೇ. ನನ್ನ ಹಿಂದಿನ ಜನ್ಮವನ್ನು ಇದೇ ಮನೆ 2020ರಲ್ಲಿ ಧ್ವನಿಮತದಲ್ಲಿ ಒಪ್ಪಿತ್ತು, ತಲೆ ಎಣಿಸುವ ಗೋಜೂ ಇರಲಿಲ್ಲ!

ಪ್ರಶ್ನೆ: ಮೇಲ್ಮನೆ?

ಮಸೂದೆ: 24ರಂದು ಟೆಕ್ಸಸ್‌ನ ಉವಾಲ್ಡೆ ಶಾಲೆಯಲ್ಲಿ 19 ಮಕ್ಕಳು, ಇಬ್ಬರು ಶಿಕ್ಷಕಿಯರು ಸತ್ತರು. 26ಕ್ಕೆ ನನ್ನ ಸರದಿ. ಚರ್ಚೆ ಶುರುಮಾಡಲಿಕ್ಕೇ 60 ಮತ ಬೇಕು. ಪರ 47, ವಿರುದ್ಧ 47. ಸಂತಾಪಕ್ಕೆ ಮಾತ್ರ ಎಲ್ಲರೂ ಒಮ್ಮತದಲ್ಲಿದ್ದರು.

ಪ್ರಶ್ನೆ: ತಕರಾರು ಏನು?

ಮಸೂದೆ: ಪೊಲೀಸರಿಗೆ, ಸೈನಿಕರಿಗೆ ಅವಮಾನವಂತೆ. ಶಾಲಾ ಮಂಡಳಿಯಲ್ಲಿ ದನಿ ಎತ್ತಿದ ಪೋಷಕರೂ ಉಗ್ರರ ಪಟ್ಟಿಗೆ ಸೇರುತ್ತಾರಂತೆ. ನಗಬೇಡಿ, ಮಾರ್ಟಿನ್ ಲೂಥರ್ ಕಿಂಗ್ ಅವರ ಮಾತನ್ನೇ ಕದ್ದು ಕೇಳಿದ ಎಫ್‌ಬಿಐಗೆ ಹೊಸ ಕಚೇರಿ ಕೊಡುವುದೆಂದರೆ ಎಡದವರಿಗೂ ಅಳುಕಿತ್ತು.

ಪ್ರಶ್ನೆ: ನೀವು ಮೊದಲೇ ಪಾಸಾಗಿದ್ದರೆ ಬಫಲೊ ತಪ್ಪುತ್ತಿತ್ತೇ?

ಮಸೂದೆ: ನಾನು ವರದಿ ಬರೆಸುವವನು. ಬಂದೂಕಿನಂಗಡಿಗೆ ಬೀಗ ಹಾಕುವ ಒಂದು ಸಾಲೂ ನನ್ನಲ್ಲಿಲ್ಲ.

ಅಮೆರಿಕದ ಆ ಸಂಸತ್ತಿನ ಅವಧಿ 2023ರ ಜನವರಿಯಲ್ಲಿ ಮುಗಿದು ಮಸೂದೆ ತಾನಾಗಿ ಬಿದ್ದುಹೋಯಿತು. ಮರುತಿಂಗಳು ಬಫಲೊ ಹಂತಕನಿಗೆ ದೇಶೀಯ ಭಯೋತ್ಪಾದನೆಯ ಅಪರಾಧಕ್ಕೆ ಜೀವಾವಧಿ ಶಿಕ್ಷೆಯಾಯಿತು. ಅದು ನ್ಯೂಯಾರ್ಕ್ ರಾಜ್ಯದ ಕಾನೂನಿನಡಿ.